ಬೇವಿನ ಎಲೆ, ಎಣ್ಣೆ, ತೊಗಟೆ: ಯಾವ ತೊಂದರೆಗೆ ಯಾವುದು ಸೂಕ್ತ?

ಮೈಯಲ್ಲಿ ತುರಿಕೆ ಎದ್ದರೂ, ತಲೆಯಲ್ಲಿ ಹೊಟ್ಟು ಕಂಡರೂ, ವಸಡಿನಿಂದ ರಕ್ತ ಜಿನುಗಿದರೂ ನಮ್ಮಲ್ಲಿ ಮೊದಲು ಕೇಳಿಬರುವ ಸಲಹೆ ಒಂದೇ: ಬೇವು ಬಳಸಿ. ಈ ಸಲಹೆ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಬೇವಿನ ಮರದ ಯಾವ ಭಾಗವನ್ನು, ಯಾವ ರೂಪದಲ್ಲಿ, ಎಷ್ಟು ಹೊತ್ತು ಬಳಸಬೇಕೆಂಬುದನ್ನು ಅದು ಹೇಳುವುದಿಲ್ಲ. ಕೀಟಗಳ ಬೆಳವಣಿಗೆಯನ್ನು ತಡೆಯುವ ಅಜಾಡಿರಾಕ್ಟಿನ್ ಎಂಬ ಅಂಶ ಸಾಂದ್ರವಾಗಿರುವುದು ಬೀಜದಲ್ಲಿ. ಒಗರು ಕೊಟ್ಟು ಅಂಗಾಂಶವನ್ನು ಬಿಗಿಗೊಳಿಸುವ ಟ್ಯಾನಿನ್ ಹೆಚ್ಚಾಗಿರುವುದು ತೊಗಟೆಯಲ್ಲಿ. ಎಲೆಯಲ್ಲಿ ಕಹಿ ಅಂಶಗಳ ಜೊತೆಗೆ ಕ್ವೆರ್ಸೆಟಿನ್‌ನಂಥ ಫ್ಲೇವನಾಯ್ಡ್‌ಗಳಿವೆ. ಆದ್ದರಿಂದ ಎಲೆಯ ನೀರಿನಿಂದ ಆಗುವ ಕೆಲಸವನ್ನು ಎಣ್ಣೆಯಿಂದ ಮಾಡಿಸಲು ಹೋದರೆ ಚರ್ಮ ಕೆರಳಬಹುದು, ಎಣ್ಣೆ ಬೇಕಾದಲ್ಲಿ ಎಲೆ ಹಚ್ಚಿದರೆ ಏನೂ ಆಗದೆ ಹೋಗಬಹುದು.

ಈ ಬರಹದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಯ ಬಳಕೆಗೆ ಬಹುಪಾಲು ಸಂದರ್ಭಗಳಲ್ಲಿ ಎಲೆಯೇ ಸಾಕು. ಎಣ್ಣೆಗೆ ಅದರದೇ ಆದ ಸ್ಥಾನವಿದೆ, ಆದರೆ ಜನ ನಂಬಿರುವುದಕ್ಕಿಂತ ಅದು ಚಿಕ್ಕದು. ತೊಗಟೆ ಮತ್ತು ಕಡ್ಡಿ ಬಾಯಿಗೆ ಸಂಬಂಧಿಸಿದವು. ಬೇವನ್ನು ಹೊಟ್ಟೆಗೆ ತೆಗೆದುಕೊಳ್ಳುವ ವಿಷಯದಲ್ಲಿ ಮಾತ್ರ, ಹೂವು ಮತ್ತು ಹಬ್ಬದ ಚಿಗುರನ್ನು ಬಿಟ್ಟರೆ, ವೈದ್ಯರ ಸಲಹೆಯಿಲ್ಲದೆ ಮುಂದುವರಿಯಬಾರದು.

ಮರ ಬೇವಿನದೇ ಎಂದು ಖಚಿತಪಡಿಸಿಕೊಳ್ಳುವುದು

ಆಯ್ಕೆಯ ಮೊದಲ ಹಂತ ಮರವನ್ನು ಗುರುತಿಸುವುದು. ಔಷಧಿಗೆ ಬಳಸುವ ಕಹಿಬೇವು ಸಸ್ಯಶಾಸ್ತ್ರದಲ್ಲಿ ಅಜಾಡಿರಾಕ್ಟಾ ಇಂಡಿಕಾ. ಅದೇ ಮೀಲಿಯೇಸೀ ಕುಟುಂಬಕ್ಕೆ ಸೇರಿದ ಹೆಬ್ಬೇವನ್ನು ಇತ್ತೀಚಿನ ವರ್ಷಗಳಲ್ಲಿ ಪ್ಲೈವುಡ್ ಮರಕ್ಕಾಗಿ ಹೊಲದ ಬದುಗಳಲ್ಲಿ ವ್ಯಾಪಕವಾಗಿ ನೆಟ್ಟಿದ್ದಾರೆ. ಹುಚ್ಚುಬೇವು ಎಂದು ಕರೆಯುವ ಮೀಲಿಯಾ ಅಜೆಡರಾಕ್ ಉದ್ಯಾನಗಳಲ್ಲೂ ರಸ್ತೆಯಂಚಿನಲ್ಲೂ ಕಾಣಸಿಗುತ್ತದೆ. ಹುಚ್ಚುಬೇವಿನ ಹಣ್ಣು ಮನುಷ್ಯರಿಗೂ ದನಕರುಗಳಿಗೂ ವಿಷಕಾರಿ, ಹೀಗಾಗಿ ಇವೆರಡನ್ನು ಅದಲುಬದಲು ಮಾಡಿಕೊಳ್ಳುವುದು ಸಣ್ಣ ವಿಷಯವಲ್ಲ.

ಬೇರ್ಪಡಿಸಿ ಗುರುತಿಸುವುದು ಕಷ್ಟವೇನಲ್ಲ. ಕಹಿಬೇವಿನ ಒಂದು ಕಡ್ಡಿಯ ಎರಡೂ ಬದಿಗೆ ನೇರವಾಗಿ ಎಲೆಗಳು ಜೋಡಣೆಗೊಂಡಿರುತ್ತವೆ. ಪ್ರತಿ ಎಲೆಯೂ ಕುಡುಗೋಲಿನಂತೆ ಬಾಗಿದ್ದು, ಅಂಚು ಗರಗಸದಂತಿದ್ದು, ಬುಡದ ಎರಡು ಪಕ್ಕಗಳು ಸಮನಾಗಿರುವುದಿಲ್ಲ. ಹೆಬ್ಬೇವು ಮತ್ತು ಹುಚ್ಚುಬೇವುಗಳಲ್ಲಿ ಮುಖ್ಯ ಕಡ್ಡಿಯಿಂದ ಉಪಕಡ್ಡಿಗಳು ಕವಲೊಡೆದು, ಎಲೆಗಳು ಆ ಕವಲುಗಳ ಮೇಲೆ ಮೂಡುತ್ತವೆ. ಹೂವಿನ ಕಾಲದಲ್ಲಿ ನೋಡಿದರೆ ಕಹಿಬೇವಿನದು ಬಿಳಿ, ಹುಚ್ಚುಬೇವಿನದು ನೇರಳೆ ಛಾಯೆಯದು. ಹಣ್ಣಿನಲ್ಲಿಯೂ ವ್ಯತ್ಯಾಸವಿದೆ: ಕಹಿಬೇವಿನ ಹಣ್ಣು ನೀಳ, ಹುಚ್ಚುಬೇವಿನದು ಗುಂಡು, ಮತ್ತು ಎಲೆ ಉದುರಿದ ಮೇಲೂ ಗೊಂಚಲಾಗಿ ಮರದಲ್ಲೇ ಉಳಿದಿರುತ್ತದೆ. ಕರಿಬೇವು ಬೇರೆಯೇ ಕುಟುಂಬದ ಗಿಡ. ಅದರ ಪರಿಮಳವೇ ಅದನ್ನು ಪ್ರತ್ಯೇಕಿಸುತ್ತದೆ.

ಮರ ಸರಿಯಾದದ್ದೇ ಆಗಿದ್ದರೂ ವಾಹನಗಳ ಹೊಗೆ ಮತ್ತು ದೂಳು ಕೂತ ರಸ್ತೆಬದಿಯ ಎಲೆಯನ್ನೂ, ತುದಿಯಿಂದ ಒಣಗುತ್ತ ಬರುವ ರೋಗ ತಗುಲಿದ ಮರದ ಎಲೆಯನ್ನೂ ಬಿಡುವುದು ಲೇಸು. ಈ ಒಣಗು ರೋಗಕ್ಕೆ ಕಾರಣವಾದ ಫೋಮಾಪ್ಸಿಸ್ ಅಜಾಡಿರಾಕ್ಟೇ ಎಂಬ ಶಿಲೀಂಧ್ರವನ್ನು 1997ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಅಂಥ ಮರಗಳಿಗೆ ಶಿಲೀಂಧ್ರನಾಶಕ ಸಿಂಪಡಿಸಿರುವ ಸಾಧ್ಯತೆಯೂ ಇರುತ್ತದೆ.

ಎಲೆ: ನೀರು, ಅರೆದ ಲೇಪ, ಪುಡಿ

ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ತುರಿಕೆಯನ್ನು ಶಮನಗೊಳಿಸುವ ಹತ್ತು ದ್ರವ್ಯಗಳ ‘ಕಂಡೂಘ್ನ’ ಗುಂಪಿನಲ್ಲಿ ನಿಂಬವೂ, ಅಂದರೆ ಬೇವೂ, ಸೇರಿದೆ. ಶಾಸ್ತ್ರದ ಈ ಹೇಳಿಕೆಗೂ ಮನೆಯ ರೂಢಿಗೂ ಅತ್ಯಂತ ಹತ್ತಿರವಾಗಿ ಹೊಂದುವುದು ಎಲೆ ಕುದಿಸಿದ ನೀರು. ಒಂದು ಲೀಟರ್ ನೀರಿಗೆ ಚೆನ್ನಾಗಿ ತೊಳೆದ ಒಂದು ಹಿಡಿ ಎಲೆ ಹಾಕಿ, ಹತ್ತರಿಂದ ಹದಿನೈದು ನಿಮಿಷ ಕುದಿಸಿ, ಸೋಸಿ, ಉಗುರುಬೆಚ್ಚಗಾದ ಮೇಲೆ ಸ್ನಾನದ ನೀರಿಗೆ ಬೆರೆಸಬಹುದು ಅಥವಾ ತುರಿಕೆಯಿರುವ ಜಾಗಕ್ಕೆ ಶುದ್ಧ ಬಟ್ಟೆಯಲ್ಲಿ ಅದ್ದಿ ಒತ್ತಬಹುದು. ಕುದಿಸುವುದರಿಂದ ಎಲೆಯ ಮೇಲಿನ ಬಹುತೇಕ ಸೂಕ್ಷ್ಮಜೀವಿಗಳು ಸಾಯುತ್ತವೆ, ಸೋಸುವುದರಿಂದ ಚರ್ಮವನ್ನು ಉಜ್ಜುವ ನಾರು ಉಳಿಯುವುದಿಲ್ಲ, ನೀರಿನಲ್ಲಿ ಕರಗುವ ಅಂಶ ಮಾತ್ರ ಬರುವುದರಿಂದ ತೀವ್ರತೆಯೂ ಕಡಿಮೆ. ಬೆವರುಸಾಲೆ, ಕೀಟ ಕಚ್ಚಿದ ತುರಿಕೆ, ಬೆವರಿನಿಂದಾಗುವ ಕಿರಿಕಿರಿ ಇವುಗಳಿಗೆ ಇದಕ್ಕಿಂತ ಗಟ್ಟಿಯಾದುದನ್ನು ಹುಡುಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಈ ನೀರನ್ನು ಅದೇ ದಿನ ಬಳಸಿ ಮುಗಿಸಬೇಕು. ಬಾಟಲಿಯಲ್ಲಿ ತುಂಬಿ ವಾರಗಟ್ಟಲೆ ಇಟ್ಟ ಬೇವಿನ ನೀರು ಬೇವಿನದ್ದಾದ ಮಾತ್ರಕ್ಕೆ ಕೆಡದೆ ಉಳಿಯುವುದಿಲ್ಲ.

ಹಸಿ ಎಲೆಯನ್ನು ಅರೆದು ಹಚ್ಚುವ ಲೇಪ ಹೆಚ್ಚು ಸಾಂದ್ರ, ಆದ್ದರಿಂದ ಹೆಚ್ಚು ಎಚ್ಚರ ಬೇಡುವಂಥದ್ದು. ಒಂದು ಕಡೆಗೆ ಸೀಮಿತವಾದ ಕಜ್ಜಿ ಅಥವಾ ತುರಿಕೆಗೆ ಇದು ನೀರಿಗಿಂತ ಒಳ್ಳೆಯದು, ಏಕೆಂದರೆ ಲೇಪ ಚರ್ಮದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಕುದಿಸದ ಎಲೆಯಲ್ಲಿ ಮಣ್ಣಿನ ಮತ್ತು ಹಕ್ಕಿಹಿಕ್ಕೆಯ ಸೂಕ್ಷ್ಮಜೀವಿಗಳಿರಬಹುದಾದ್ದರಿಂದ ಒಡೆದ ಚರ್ಮ, ಕೀವು ಸೋರುವ ಹುಣ್ಣು, ಸುಟ್ಟ ಗಾಯ ಇವುಗಳ ಮೇಲೆ ಹಸಿ ಲೇಪ ಸಲ್ಲದು. ಮುಖಕ್ಕೆ ಹಚ್ಚುವವರು ಹದಿನೈದು ಇಪ್ಪತ್ತು ನಿಮಿಷದಲ್ಲಿ, ಲೇಪ ಒಣಗಿ ಚರ್ಮವನ್ನು ಎಳೆಯತೊಡಗುವ ಮೊದಲೇ ತೊಳೆದುಕೊಳ್ಳಬೇಕು. ಲೇಪಕ್ಕೆ ನಿಂಬೆರಸ ಸೇರಿಸುವ ಪಾಕವಿಧಾನಗಳು ಎಲ್ಲೆಡೆ ಹರಿದಾಡುತ್ತಿವೆ. ಇವನ್ನು ನೇರವಾಗಿ ತಿರಸ್ಕರಿಸಬಹುದು. ನಿಂಬೆಯಲ್ಲಿರುವ ಫ್ಯುರೊಕೌಮರಿನ್‌ಗಳು ಬಿಸಿಲಿನ ಸಂಪರ್ಕದಲ್ಲಿ ಚರ್ಮವನ್ನು ಸುಡಿಸಿ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಮೂಡಿಸಬಲ್ಲವು.

ಪುಡಿಯ ಅನುಕೂಲವೆಂದರೆ ಮರ ಹತ್ತಿರವಿಲ್ಲದವರಿಗೂ ಸಿಗುತ್ತದೆ. ನೆರಳಿನಲ್ಲಿ ಒಣಗಿಸಿ, ನುಣ್ಣಗೆ ಜರಡಿ ಹಿಡಿದ, ಹಸಿರು ಬಣ್ಣ ಉಳಿದಿರುವ ಪುಡಿಯನ್ನು ಆಯಬೇಕು. ತರಿತರಿಯಾದ ಪುಡಿಯಿಂದ ಮುಖ ಉಜ್ಜಿಕೊಳ್ಳುವುದು ಮೊಡವೆಯನ್ನು ಕೆರಳಿಸುವ ಖಚಿತ ಮಾರ್ಗ.

ಎಣ್ಣೆ: ಬಲವಾದದ್ದು, ಆದ್ದರಿಂದಲೇ ಕೊನೆಯ ಆಯ್ಕೆ

ಬೇವಿನ ಬೀಜದ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯಿರುತ್ತದೆ. ಗಾಣದಲ್ಲಿ ಬಿಸಿ ತಾಗಿಸದೆ ತೆಗೆದ ಎಣ್ಣೆ ಹಳದಿಮಿಶ್ರಿತ ಕಂದು ಬಣ್ಣದ್ದಾಗಿದ್ದು, ಬೆಳ್ಳುಳ್ಳಿಯನ್ನು ನೆನಪಿಸುವ ಗಾಢ ವಾಸನೆ ಹೊಂದಿರುತ್ತದೆ. ಆ ವಾಸನೆಗೆ ಕಾರಣ ಗಂಧಕವಿರುವ ಸಂಯುಕ್ತಗಳು. ಚಳಿಯಲ್ಲಿ ಎಣ್ಣೆ ಮಬ್ಬಾಗಿ ಗಟ್ಟಿಯಾಗುವುದು ಕಲಬೆರಕೆಯ ಗುರುತಲ್ಲ, ಅದರಲ್ಲಿರುವ ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಸಹಜ ವರ್ತನೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟರೆ ಕರಗುತ್ತದೆ. ಉರಿಯ ಮೇಲೆ ಇಡಬಾರದು. ವಾಸನೆಯೇ ಇಲ್ಲದ, ನೀರಿನಂತೆ ತಿಳಿಯಾದ ‘ಬೇವಿನ ಎಣ್ಣೆ’ ಸಿಕ್ಕರೆ ಅದನ್ನು ಬಹಳ ಶುದ್ಧೀಕರಿಸಿದ್ದಾರೆ ಅಥವಾ ಬೇರೆ ಎಣ್ಣೆ ಬೆರೆಸಿದ್ದಾರೆ ಎಂದೇ ಭಾವಿಸಬೇಕಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬೆಳೆಗಳಿಗೆ ಸಿಂಪಡಿಸಲು ಮಾರುವ ಬೇವಿನ ಎಣ್ಣೆಯ ಬಾಟಲಿಗಳ ಮೇಲೆ 300, 1500, 10000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂಬ ಅಂಕಿಗಳಿರುತ್ತವೆ. ಅವು ಅಜಾಡಿರಾಕ್ಟಿನ್ ಪ್ರಮಾಣವನ್ನು ಸೂಚಿಸುತ್ತವೆ. ಅಂಕಿ ದೊಡ್ಡದಾದಷ್ಟೂ ಔಷಧಿ ಗುಣ ಹೆಚ್ಚು ಎಂದುಕೊಂಡು ಅದನ್ನೇ ಮೈಗೆ ಹಚ್ಚಿಕೊಳ್ಳುವವರಿದ್ದಾರೆ. ಈ ಕೃಷಿ ಉತ್ಪನ್ನಗಳಲ್ಲಿ ದ್ರಾವಕಗಳೂ, ಎಣ್ಣೆಯನ್ನು ನೀರಿನೊಂದಿಗೆ ಬೆರೆಯುವಂತೆ ಮಾಡುವ ರಾಸಾಯನಿಕಗಳೂ ಸೇರಿರುತ್ತವೆ. ಇವು ಚರ್ಮಕ್ಕೆ ಅಲ್ಲವೇ ಅಲ್ಲ. ಮೈಗೆ ಬಳಸುವ ಎಣ್ಣೆಯ ಲೇಬಲ್ಲಿನಲ್ಲಿ ಹೊರಬಳಕೆಗೆ ಎಂಬ ಸ್ಪಷ್ಟ ಸೂಚನೆ, ತಯಾರಿಕೆಯ ದಿನಾಂಕ, ಆಯುರ್ವೇದ ಅಥವಾ ಸೌಂದರ್ಯವರ್ಧಕ ಪರವಾನಗಿಯ ಸಂಖ್ಯೆ ಇರಬೇಕು.

ಎಣ್ಣೆಯನ್ನು ನೇರವಾಗಿ ಹಚ್ಚುವ ರೂಢಿ ಇದ್ದರೂ, ಕೊಬ್ಬರಿ ಎಣ್ಣೆಯಲ್ಲಿ ತೆಳುವಾಗಿಸಿ ಹಚ್ಚುವುದೇ ಸುರಕ್ಷಿತ. 100 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಮಿಲಿಲೀಟರ್ ಬೇವಿನ ಎಣ್ಣೆ ಸಾಕು. ಮೊದಲು ಮುಂಗೈಯ ಒಳಭಾಗದಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ಕಾದು ನೋಡಬೇಕು. ಕೆಂಪಾಗಿ ಉರಿದರೆ ಅಥವಾ ಗುಳ್ಳೆ ಎದ್ದರೆ ಆ ಚರ್ಮಕ್ಕೆ ಬೇವಿನ ಎಣ್ಣೆ ಹೊಂದುವುದಿಲ್ಲ. ಬೇವಿನ ಸಂಪರ್ಕದಿಂದ ಅಲರ್ಜಿಯ ಚರ್ಮದುರಿ ಉಂಟಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ.

ತೊಂದರೆಯಿಂದ ತೊಂದರೆಗೆ

ಸೀತಾಳೆ ಸಿಡುಬಿನೊಂದಿಗೆ ಬೇವಿನ ನಂಟು ಹಳೆಯದು. ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವುದು, ರೋಗಿಯ ಮೈಯನ್ನು ಎಳೆಯ ಸೊಪ್ಪಿನಿಂದ ಮೆಲ್ಲಗೆ ಸವರುವುದು, ಗುಳ್ಳೆಗಳು ಒಣಗಿದ ಮೇಲೆ ಬೇವಿನ ನೀರಿನ ಸ್ನಾನ, ಇವೆಲ್ಲ ಇಂದಿಗೂ ನಡೆದಿವೆ. ಬೇವು ಈ ವೈರಾಣುವನ್ನು ರೋಗಿಯ ದೇಹದಲ್ಲಿ ಕೊಲ್ಲುತ್ತದೆ ಎನ್ನಲು ಆಧಾರವಿಲ್ಲ, ಆದರೆ ಈ ಆಚರಣೆಯಲ್ಲಿ ವಿವೇಕವಿದೆ: ಸೊಪ್ಪು ಬಾಗಿಲಲ್ಲಿದ್ದರೆ ಅಂಟುರೋಗವಿದೆಯೆಂದು ಹೊರಗಿನವರಿಗೆ ತಿಳಿಯುತ್ತದೆ, ಸೊಪ್ಪಿನಿಂದ ಸವರಿದರೆ ಉಗುರಿನಿಂದ ಕೆರೆಯುವುದು ತಪ್ಪಿ ಗುಳ್ಳೆ ಒಡೆದು ಕೀವಾಗುವ ಸಂಭವ ಕಡಿಮೆಯಾಗುತ್ತದೆ. ಆರೋಗ್ಯವಂತ ಮಗುವಿಗೆ ಬೇವಿನ ನೀರು ಅಥವಾ ಕ್ಯಾಲಮೈನ್ ಲೋಷನ್, ಎರಡರಲ್ಲಿ ಯಾವುದಾದರೂ ತುರಿಕೆಗೆ ಸಾಕು. ಹದಿಹರೆಯದವರು, ವಯಸ್ಕರು, ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರ ವಿಷಯ ಬೇರೆ. ಗುಳ್ಳೆ ಕಂಡ 24 ಗಂಟೆಯೊಳಗೆ ಆರಂಭಿಸಿದರೆ ವೈರಾಣುನಿರೋಧಕ ಔಷಧಿ ಅಸೈಕ್ಲೊವಿರ್ ಹೆಚ್ಚು ಫಲ ಕೊಡುವುದರಿಂದ ಅವರು ಸೊಪ್ಪನ್ನು ನಂಬಿ ಮೊದಲ ದಿನವನ್ನು ಕಳೆದುಕೊಳ್ಳಬಾರದು. ಈ ರೋಗದಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಕಜ್ಜಿಯ (ಸ್ಕೇಬೀಸ್) ವಿಷಯದಲ್ಲಿ ಬೇವಿನ ಪರವಾಗಿ ಹೇಳಲು ಸ್ವಲ್ಪ ಹೆಚ್ಚೇ ಇದೆ. ಬೇವಿನ ಎಲೆ ಮತ್ತು ಅರಿಸಿನ ಸೇರಿಸಿ ಅರೆದ ಲೇಪವನ್ನು 814 ಕಜ್ಜಿ ರೋಗಿಗಳಿಗೆ ಹಚ್ಚಿದ ಭಾರತೀಯ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು, ಅವರಲ್ಲಿ ಶೇ. 97ರಷ್ಟು ಮಂದಿ 3ರಿಂದ 15 ದಿನಗಳಲ್ಲಿ ಗುಣವಾದರೆಂದು ಅದು ವರದಿ ಮಾಡಿತು. ಅಂಕಿ ಆಕರ್ಷಕವಾಗಿದೆ, ಆದರೆ ಅದು ಪ್ರಾಯೋಗಿಕ ಹಂತದ ಅಧ್ಯಯನ. ಬೇರೆ ಔಷಧಿ ಪಡೆದ ಗುಂಪಿನೊಂದಿಗೆ ಹೋಲಿಸಿ ನೋಡಿದ್ದಲ್ಲ. ಇನ್ನೊಂದೆಡೆ ಶೇ. 5ರ ಪರ್ಮೆತ್ರಿನ್ ಕ್ರೀಮನ್ನು ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ ಎಂಟರಿಂದ ಹದಿನಾಲ್ಕು ಗಂಟೆ ಬಿಟ್ಟು ತೊಳೆದು, ಒಂದು ವಾರದ ನಂತರ ಮತ್ತೊಮ್ಮೆ ಹಚ್ಚುವ ಚಿಕಿತ್ಸೆ ಪರೀಕ್ಷೆಗಳಲ್ಲಿ ನಿಂತಿದೆ. ಔಷಧಿ ಅಂಗಡಿ ಕೈಗೆಟುಕುವಷ್ಟು ಹತ್ತಿರವಿದ್ದರೆ ಪರ್ಮೆತ್ರಿನ್ ಮೊದಲ ಆಯ್ಕೆ. ಬೇವು-ಅರಿಸಿನದ ಲೇಪ ಅದು ಸಿಗದಿದ್ದಾಗಿನ ಗೌರವಯುತ ಪರ್ಯಾಯ. ಯಾವುದನ್ನು ಆಯ್ದರೂ ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ, ಹಾಸಿಗೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕದಿದ್ದರೆ ಕಜ್ಜಿ ಮರಳಿ ಬರುತ್ತದೆ, ಆಗ ಔಷಧಿಯನ್ನು ದೂರುವುದು ವ್ಯರ್ಥ.

ಹುಳುಕಡ್ಡಿ ಅಥವಾ ಗಜಕರ್ಣ ಶಿಲೀಂಧ್ರದಿಂದ ಬರುವಂಥದ್ದು. ಪ್ರಯೋಗಾಲಯದ ತಟ್ಟೆಯಲ್ಲಿ ಬೇವಿನ ಸಾರ ಈ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುತ್ತದೆ, ಆದರೆ ಚರ್ಮದ ಪದರದೊಳಗೆ ಇಳಿದ ಸೋಂಕನ್ನು ಮನೆಯ ಲೇಪವೊಂದು ಬೇರುಸಹಿತ ಕೀಳುತ್ತದೆಂದು ನಂಬುವಂತಿಲ್ಲ. ಇಲ್ಲಿ ಹೋಲಿಸಬೇಕಾದದ್ದು ಬೇವು ಮತ್ತು ಔಷಧಿಯನ್ನಷ್ಟೇ ಅಲ್ಲ, ಸರಿಯಾದ ಔಷಧಿ ಮತ್ತು ತಪ್ಪು ಔಷಧಿಯನ್ನು. ಸ್ಟೀರಾಯ್ಡ್ ಬೆರೆಸಿದ ಕ್ರೀಮುಗಳು ಒಂದೆರಡು ದಿನದಲ್ಲಿ ತುರಿಕೆ ನಿಲ್ಲಿಸಿ, ಸೋಂಕನ್ನು ಒಳಗೊಳಗೇ ಹರಡಿಸುತ್ತವೆ. ನಮ್ಮ ದೇಶದಲ್ಲಿ ಹುಳುಕಡ್ಡಿ ಇಷ್ಟು ಹಟಮಾರಿಯಾಗಿರುವುದಕ್ಕೆ ಅವುಗಳ ದುರ್ಬಳಕೆ ಒಂದು ಮುಖ್ಯ ಕಾರಣವೆಂದು ಚರ್ಮವೈದ್ಯರು ಹೇಳುತ್ತ ಬಂದಿದ್ದಾರೆ. ಅಂಥ ಕ್ರೀಮಿಗಿಂತ ಬೇವು ನಿಶ್ಚಯವಾಗಿ ಮೇಲು. ಆದರೆ ಶುದ್ಧ ಶಿಲೀಂಧ್ರನಾಶಕ ಕ್ರೀಮನ್ನು ವೈದ್ಯರು ಹೇಳಿದಷ್ಟು ವಾರ, ಕಲೆ ಮಾಯವಾದ ಮೇಲೂ, ಹಚ್ಚುವುದು ಬೇವಿಗಿಂತ ಮೇಲು.

ಮೊಡವೆಗೆ ಬೇವಿನ ಎಣ್ಣೆ ಹಚ್ಚುವ ರೂಢಿಯನ್ನು ನಾನು ಒಪ್ಪಲಾರೆ. ಅದು ಜಿಡ್ಡಾದ, ಓಲಿಕ್ ಆಮ್ಲ ಹೇರಳವಾಗಿರುವ ಎಣ್ಣೆ. ಎಣ್ಣೆಚರ್ಮದವರಲ್ಲಿ ರಂಧ್ರಗಳನ್ನು ಕಟ್ಟಿಸುವ ಅಪಾಯವಿದೆ. ಎಲೆಯ ನೀರಿನಲ್ಲಿ ಮುಖ ತೊಳೆಯುವುದರಿಂದ ಹಾನಿಯಿಲ್ಲ, ಸೌಮ್ಯ ಮೊಡವೆಗಳಿಗೆ ಕೊಂಚ ಹಿತವೂ ಎನಿಸಬಹುದು. ಆದರೆ ಗುಣವನ್ನು ಅಪೇಕ್ಷಿಸುವವರಿಗೆ ಶೇ. 2.5ರ ಬೆನ್ಜಾಯಿಲ್ ಪೆರಾಕ್ಸೈಡ್ ಅಥವಾ ಅಡಾಪಲೀನ್ ಜೆಲ್ ಉತ್ತಮ. ಅವು ಫಲ ತೋರಲು ಎಂಟರಿಂದ ಹನ್ನೆರಡು ವಾರ ಹಿಡಿಯುತ್ತದೆ. ಗರ್ಭಿಣಿಯರು ಅಡಾಪಲೀನ್ ಬಳಸಬಾರದು. ನೋವಿನ ಗಂಟುಗಳಾಗಿ, ಕುಳಿ ಬಿಡುವ ಮೊಡವೆಗೆ ಮನೆಮದ್ದಿನ ಕಾಲಹರಣ ಬೇಡ.

ತಲೆಹೊಟ್ಟಿನ ವಿಷಯದಲ್ಲಿಯೂ ಎಣ್ಣೆಯ ಲೆಕ್ಕಾಚಾರ ತಲೆಕೆಳಗಾಗಿದೆ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯ ಎಂಬ ಯೀಸ್ಟ್ ಬದುಕುವುದೇ ಚರ್ಮದ ಜಿಡ್ಡಿನ ಮೇಲೆ. ಬೇವಿನ ಎಣ್ಣೆಯನ್ನು ರಾತ್ರಿಯಿಡೀ ತಲೆಗೆ ಹಚ್ಚಿ ಮಲಗಿದರೆ ಅದಕ್ಕೆ ಆಹಾರ ಬಡಿಸಿದಂತಾಗಬಹುದು. ಎಣ್ಣೆ ಹಚ್ಚಲೇಬೇಕೆಂದಿದ್ದರೆ ತೆಳುವಾಗಿಸಿ ಅರ್ಧ ಗಂಟೆಯಲ್ಲಿ ತೊಳೆಯುವುದು, ಇಲ್ಲವೇ ಕೊನೆಯಲ್ಲಿ ಎಲೆಯ ನೀರು ಸುರಿದುಕೊಳ್ಳುವುದು ಮೇಲು. ಹೊಟ್ಟು ದಪ್ಪವಾಗಿ, ತುರಿಕೆಯಿಂದ ಕೂಡಿದ್ದರೆ ಶೇ. 2ರ ಕೀಟೊಕೊನಜೋಲ್ ಶ್ಯಾಂಪೂವನ್ನು ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ, ಪ್ರತಿ ಸಲವೂ ಮೂರರಿಂದ ಐದು ನಿಮಿಷ ತಲೆಯ ಮೇಲೆ ಬಿಟ್ಟು ತೊಳೆಯುವುದು ಹೆಚ್ಚು ವಿಶ್ವಾಸಾರ್ಹ.

ಹೇನಿಗೆ ಮಾತ್ರ ಬೀಜದ ಸಾರಕ್ಕೇ ಪ್ರಾಶಸ್ತ್ಯ. ಬೇವಿನ ಬೀಜದ ಸಾರದಿಂದ ತಯಾರಿಸಿದ ಶ್ಯಾಂಪೂವನ್ನು ಈಜಿಪ್ಟಿನ ಮಕ್ಕಳ ಮೇಲೆ ಪರೀಕ್ಷಿಸಿದಾಗ ಒಳ್ಳೆಯ ಫಲಿತಾಂಶ ಬಂದಿತ್ತು. ಗಾಣದ ಎಣ್ಣೆಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಅದರ ಕೆಲಸ ಮುಖ್ಯವಾಗಿ ಹೇನನ್ನು ಉಸಿರುಗಟ್ಟಿಸಿ, ಸಣ್ಣ ಹಲ್ಲಿನ ಬಾಚಣಿಗೆ ಸರಾಗವಾಗಿ ಓಡುವಂತೆ ಮಾಡುವುದು. ಹೆಚ್ಚಿನ ಔಷಧಿಗಳನ್ನು ಹಾಕಿದರೂ ಸೀರುಗಳು ಉಳಿಯುವುದರಿಂದ ವಾರದ ನಂತರ ಮತ್ತೊಮ್ಮೆ ಹಾಕಿ ಬಾಚಲೇಬೇಕು. ಎಣ್ಣೆ ಕಣ್ಣಿಗೂ ಬಾಯಿಗೂ ಹೋಗದಂತೆ ನೋಡಿಕೊಳ್ಳಬೇಕು, ಎರಡು ವರ್ಷದೊಳಗಿನ ಮಕ್ಕಳಿಗಂತೂ ಇದು ಬೇಡ.

ಸೊಳ್ಳೆ ತಡೆಯಲು ಕೊಬ್ಬರಿ ಎಣ್ಣೆಯಲ್ಲಿ ಶೇ. 2ರಷ್ಟು ಬೇವಿನ ಎಣ್ಣೆ ಬೆರೆಸಿ ಹಚ್ಚಿದಾಗ ಅನಾಫಿಲೀಸ್ ಸೊಳ್ಳೆಗಳಿಂದ 12 ಗಂಟೆ ಪೂರ್ಣ ರಕ್ಷಣೆ ಸಿಕ್ಕಿತೆಂದು 1993ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದು ಹೇಳಿತ್ತು. ನಂತರದ ಹಲವು ಪರೀಕ್ಷೆಗಳಲ್ಲಿ ರಕ್ಷಣೆಯ ಅವಧಿ ಇದಕ್ಕಿಂತ ಕಡಿಮೆ ಬಂದಿದೆ. ಸಂಜೆ ಜಗಲಿಯಲ್ಲಿ ಕೂರುವಾಗ ಇದು ಸಾಕಾಗಬಹುದು. ಡೆಂಗಿ ಹಬ್ಬಿರುವ ಕಾಲದಲ್ಲಿ, ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆಯ ವಿರುದ್ಧ, ಡೀಟ್ ಎಂಬ ಸೊಳ್ಳೆನಿವಾರಕ ರಾಸಾಯನಿಕ ಇರುವ ಲೇಪ ಮತ್ತು ಸೊಳ್ಳೆಪರದೆಯನ್ನೇ ಅವಲಂಬಿಸಬೇಕು.

ಒಣಚರ್ಮ ಮತ್ತು ಇಸಬು ಇರುವವರಿಗೆ ಬೇವಿನ ಯಾವ ರೂಪವೂ ಮೊದಲ ಆಯ್ಕೆಯಲ್ಲ. ಒಡೆದ ಚರ್ಮಕ್ಕೆ ಬೇಕಾದದ್ದು ತೇವಾಂಶ ಉಳಿಸುವ ಸರಳ ಲೇಪ. ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಆ ಕೆಲಸವನ್ನು ಹೆಚ್ಚು ಸೌಮ್ಯವಾಗಿ ಮಾಡುತ್ತದೆ.

ಕಡ್ಡಿ ಮತ್ತು ತೊಗಟೆ: ಹಲ್ಲು, ವಸಡು

ಬೇವಿನ ಕಡ್ಡಿಯಿಂದ ಹಲ್ಲುಜ್ಜುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ: ಜಗಿದ ನಾರು ಪಾಚಿಯನ್ನು ತಿಕ್ಕುತ್ತದೆ, ಕಹಿ ಮತ್ತು ಒಗರು ರಸ ವಸಡಿಗೆ ತಗಲುತ್ತದೆ. ಬೇವಿನ ಸಾರದ ಬಾಯಿ ಮುಕ್ಕಳಿಕೆಯನ್ನು ಸೂಕ್ಷ್ಮಜೀವಿನಾಶಕ ಮುಕ್ಕಳಿಕೆಯಾದ ಕ್ಲೋರ್‌ಹೆಕ್ಸಿಡಿನ್ ಜೊತೆ ಹೋಲಿಸಿದ ಹಲವು ಸಣ್ಣ ಪರೀಕ್ಷೆಗಳಲ್ಲಿ ವಸಡಿನ ಉರಿಯೂತ ಇಳಿಸುವುದರಲ್ಲಿ ಎರಡೂ ಹತ್ತಿರಹತ್ತಿರ ಫಲ ತೋರಿವೆ. ಕ್ಲೋರ್‌ಹೆಕ್ಸಿಡಿನ್ ದೀರ್ಘಕಾಲ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ, ರುಚಿ ಕೆಡುತ್ತದೆ. ಆ ಬಗೆಯ ಕಲೆ ಬೇವಿನದಲ್ಲ ಎಂಬುದು ಅದರ ಪರವಾದ ಅಂಶ.

ಆದರೆ ಕಡ್ಡಿಯಲ್ಲಿ ಫ್ಲೋರೈಡ್ ಇಲ್ಲ. ಹುಳುಕು ಹಲ್ಲನ್ನು ತಡೆಯುವುದರಲ್ಲಿ ಫ್ಲೋರೈಡ್ ಪೇಸ್ಟಿಗಿರುವ ಪುರಾವೆ ಕಡ್ಡಿಗಿಲ್ಲ. ಹಲ್ಲಿನ ಹಿಂಬದಿಗೂ ಕಡ್ಡಿ ಸುಲಭವಾಗಿ ತಲುಪುವುದಿಲ್ಲ. ಆದ್ದರಿಂದ ಮಕ್ಕಳಿಗೆ ಪೇಸ್ಟು ಮತ್ತು ಬ್ರಶ್ಶೇ ಇರಲಿ. ವಸಡಿನ ತೊಂದರೆಯಿರುವ ವಯಸ್ಕರು ರಾತ್ರಿ ಬ್ರಶ್, ಬೆಳಗ್ಗೆ ಕಡ್ಡಿ ಎಂದು ಹೊಂದಿಸಿಕೊಳ್ಳಬಹುದು. ಕಡ್ಡಿ ಕಿರುಬೆರಳಿಗಿಂತ ತೆಳ್ಳಗೆ, ಹಸಿಯಾಗಿ ಇರಬೇಕು. ಅಡ್ಡಡ್ಡ ಉಜ್ಜಿದರೆ ಹಲ್ಲಿನ ಬುಡ ಸವೆದು ವಸಡು ಹಿಂದಕ್ಕೆ ಸರಿಯುತ್ತದೆ.

ತೊಗಟೆಯ ಕಷಾಯದಿಂದ ಮುಕ್ಕಳಿಸುವುದೂ ರೂಢಿಯಲ್ಲಿದೆ. ಗ್ರಂಥಿಗೆ ಅಂಗಡಿಯಲ್ಲಿ ಒಣತೊಗಟೆ ಸಿಗುತ್ತದೆ. ಮನೆಯ ಮುಂದಿನ ಮರದಿಂದ ಸುಲಿಯುವವರು ಕಾಂಡದ ಸುತ್ತ ಉಂಗುರದಂತೆ ಸುಲಿದರೆ ಮರವೇ ಸಾಯುತ್ತದೆ ಎಂಬುದನ್ನು ಮರೆಯಬಾರದು. ಕಡ್ಡಿ ಸಾಕಾಗುವಾಗ ತೊಗಟೆಗೆ ಕೈಹಾಕದಿರುವುದೇ ಸರಿ.

ಸಾಬೂನು ಮತ್ತು ಫೇಸ್‌ವಾಶ್‌ಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಕೆಲವೇ ಕ್ಷಣ ಮೈಮೇಲಿದ್ದು ತೊಳೆದುಹೋಗುವ ಸಾಬೂನಿನಲ್ಲಿ ಬೇವಿನ ಪಾಲು ಎಷ್ಟೇ ಇದ್ದರೂ ಔಷಧಿಯ ಫಲ ನಿರೀಕ್ಷಿಸಲಾಗದು. ಚರ್ಮವನ್ನು ಒಣಗಿಸದಿದ್ದರೆ ಬಳಸಬಹುದು, ಅಷ್ಟೇ.

ಹೊಟ್ಟೆಗೆ ತೆಗೆದುಕೊಳ್ಳುವ ಬೇವು

ಯುಗಾದಿಯ ಬೇವುಬೆಲ್ಲದಲ್ಲಿ ಬಳಸುವ ಹೂವು ಮತ್ತು ಚಿಗುರು, ವರ್ಷಕ್ಕೊಮ್ಮೆ ಚಿಟಿಕೆಯಷ್ಟು, ಆರೋಗ್ಯವಂತರಿಗೆ ಚಿಂತೆಯ ವಿಷಯವಲ್ಲ. ಒಣಗಿಸಿದ ಹೂವನ್ನು ತುಪ್ಪದಲ್ಲಿ ಹುರಿದು ಸಾರಿಗೆ ಹಾಕುವುದೂ ಇದೇ ಬಗೆಯದು. ಆಯುರ್ವೇದದಲ್ಲಿ ಎಲೆ, ಹೂವು, ಹಣ್ಣು, ತೊಗಟೆ, ಬೇರು ಐದೂ ಸೇರಿದ ಪಂಚನಿಂಬ ಚೂರ್ಣವಿದೆ, ನಿಂಬದೊಂದಿಗೆ ಅಮೃತಬಳ್ಳಿ, ಆಡುಸೋಗೆ ಮುಂತಾದ ಕಹಿದ್ರವ್ಯಗಳು ಕೂಡುವ ಪಂಚತಿಕ್ತ ಯೋಗಗಳಿವೆ. ಇವು ರೋಗಿಯ ಪ್ರಕೃತಿ, ವಯಸ್ಸು, ಕಾಲಾವಧಿ ನೋಡಿ ವೈದ್ಯರು ನಿರ್ಧರಿಸುವ ಔಷಧಿಗಳು. ಇವಕ್ಕೂ, ‘ರಕ್ತಶುದ್ಧಿ’ಗೆಂದು ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ಬೇವಿನ ರಸ ಕುಡಿಯುವ ಇತ್ತೀಚಿನ ಚಟಕ್ಕೂ ಸಂಬಂಧವಿಲ್ಲ.

ಬೇವಿಗೆ ರಕ್ತದ ಸಕ್ಕರೆಯನ್ನು ಇಳಿಸುವ ಗುಣವಿದೆ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಜೊತೆಗೆ ಬೇವಿನ ರಸವನ್ನೂ ಕುಡಿದರೆ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬೇವಿನ ಎಣ್ಣೆ ಗರ್ಭ ನಿಲ್ಲದಂತೆ ಮಾಡಿದ್ದರಿಂದ ಗರ್ಭಿಣಿಯರೂ, ಮಗುವಿಗಾಗಿ ಪ್ರಯತ್ನಿಸುತ್ತಿರುವ ದಂಪತಿಗಳೂ ಒಳಸೇವನೆಯಿಂದ ದೂರವಿರಬೇಕು. ಅಂಗಕಸಿಯ ನಂತರ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರಿಗೂ ಇದು ಅನ್ವಯಿಸುತ್ತದೆ.

ಬೇವಿನ ಎಣ್ಣೆಯನ್ನಂತೂ ಯಾರಿಗೂ, ಯಾವ ಕಾರಣಕ್ಕೂ ಮನೆಯಲ್ಲಿ ಕುಡಿಸಬಾರದು. ಶೀತ, ಹೊಟ್ಟೆಹುಳು ಎಂದು ಎಳೆಯ ಮಕ್ಕಳ ಬಾಯಿಗೆ ಕೆಲವು ಹನಿ ಅಥವಾ ಒಂದು ಚಮಚ ಹಾಕುವ ಪದ್ಧತಿ ಕೆಲವು ಕಡೆ ಇನ್ನೂ ಉಳಿದಿದೆ. ಹೀಗೆ ಎಣ್ಣೆ ಕುಡಿಸಿದ ಶಿಶುಗಳಲ್ಲಿ ಯಕೃತ್ತು ಮತ್ತು ಮಿದುಳಿಗೆ ಹಾನಿಯಾಗಿ, ರೈ ಸಿಂಡ್ರೋಮ್ ಎಂಬ ಮಕ್ಕಳ ಗಂಭೀರ ಕಾಯಿಲೆಯನ್ನು ಹೋಲುವ ಸ್ಥಿತಿ ಉಂಟಾದುದನ್ನು 1981ರಲ್ಲಿ ಮಲೇಷ್ಯಾದ ವೈದ್ಯರು ವರದಿ ಮಾಡಿದರು. ನಂತರ ಭಾರತದಿಂದಲೂ ಇಂಥ ವಿಷಬಾಧೆಯ ಪ್ರಕರಣಗಳು ವರದಿಯಾಗಿವೆ. ವಾಂತಿ, ಮಂಪರು, ವೇಗದ ಉಸಿರಾಟ, ಆಮೇಲೆ ಅಪಸ್ಮಾರ, ಇದು ಸಾಮಾನ್ಯವಾಗಿ ಕಂಡುಬರುವ ಅನುಕ್ರಮ, ಮತ್ತು ಇದು ಕೆಲವೇ ಗಂಟೆಗಳಲ್ಲಿ ನಡೆದುಹೋಗಬಹುದು. ಮಗು ಎಣ್ಣೆ ಕುಡಿದಿದ್ದರೆ ಲಕ್ಷಣ ಕಾಣಿಸಿಕೊಳ್ಳಲೆಂದು ಕಾಯಬಾರದು; ಎಣ್ಣೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುವುದರಿಂದ ಬಲವಂತವಾಗಿ ವಾಂತಿ ಮಾಡಿಸಲೂಬಾರದು. ಎಷ್ಟು ಕುಡಿದಿದೆ, ಯಾವಾಗ ಕುಡಿದಿದೆ ಎಂಬುದನ್ನು ನೆನಪಿಟ್ಟುಕೊಂಡು, ಎಣ್ಣೆಯ ಬಾಟಲಿಯನ್ನೂ ಕೈಯಲ್ಲಿ ಹಿಡಿದು, ಮಕ್ಕಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಕೂಡಲೇ ಹೊರಡಬೇಕು.